ಹಿಡಿಯಿಲ್ಲದ ಕೋವಿ

ಥೋರಾಳ ಹತ್ತಿರ ದೋಣಿ ಇರಲಿಲ್ಲ. ಇದ್ದ ಒಂದನ್ನು ಗಂಡ ಆನ್ಸೆಲ್ ಬೆಳಕು ಹರಿಯುವ ಮೊದಲೇ ತೆಗೆದುಕೊಂಡು ಬಾತು ಹೊಡೆಯಲು ಹೋಗಿದ್ದ. ಈಗ ಅವಳು ಮಿಸಿಸಿಪ್ಪಿಯ ಹಿನ್ನೀರಿನ ದಡದಲ್ಲಿ ಮೈದುನ ಈವಾರ್‌ನ ಪಕ್ಕ ನಿಂತು ಜೊಂಡಿನ ಕಡೆ ಕೂಗುತ್ತಿದ್ದಳು. ನವೆಂಬರ್ ತಿಂಗಳ ಗಾಳಿ ಎದುರಿನಿಂದ ಬೀಸುತ್ತಿತ್ತು. ಕೂಗು ಹತ್ತು ಮಾರು ದೂರವೂ ಹೋಗುತ್ತಿರಲಿಲ್ಲ.

ಈವಾರ್ ಪೇಟೆಯ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅರ್ಧ ಗಂಟೆ ಹಿಂದೆ ಅಂಗಡಿಯ ಲಾರಿಯಲ್ಲಿ ಬಂದವನು, ಟೋಪಿಯನ್ನೂ ಹಾಕಿಕೊಳ್ಳದೆ ನೇರ ಅಡುಗೆಮನೆಗೇ ನುಗ್ಗಿದ್ದ.

"ಅತ್ತಿಗೆ, ಆ ಕೋವಿ ಎಲ್ಲಿ?"

"ನಿಮ್ಮಣ್ಣನ ಜೊತೆ ಹೋಗಿದೆ. ಯಾಕೋ, ಮದುವೇಲಿ ಕೊಟ್ಟಿದ್ದನ್ನ ವಾಪಸ್ ಕೇಳೋಕ್ ಬಂದ್ಯಾ?"

"ಹೌದು," ಎಂದಿದ್ದ ಈವಾರ್. ನಕ್ಕಿರಲಿಲ್ಲ.

ನಿನ್ನೆ ಸಂಜೆ ಅಂಗಡಿಗೆ ಸುದ್ದಿ ಬಂದಿತ್ತು. ನದಿಯ ಮೇಲ್ಗಡೆಯ ಊರಿನಲ್ಲಿ ಒಬ್ಬ ಸತ್ತಿದ್ದ. ಅವನದೂ ಅದೇ ತರದ ಕೋವಿ. ಈ ವರ್ಷ ಅದು ಎರಡನೆಯ ಸಾವು. ಯಜಮಾನರು ಉಳಿದವನ್ನೆಲ್ಲ ಗೋಡೆಯಿಂದ ಇಳಿಸಿ ಒಳಗಿಡಲು ಹೇಳಿದ್ದರು. ಯಾರೂ ಕೊಳ್ಳದೆ ಎರಡು ವರ್ಷ ನೇತಾಡುತ್ತಿದ್ದ ಒಂದನ್ನು ಈವಾರ್ ಜೂನ್ ತಿಂಗಳಲ್ಲಿ ಅಣ್ಣನಿಗೆ ಉಡುಗೊರೆಯಾಗಿ ಕೊಟ್ಟಿದ್ದ.

ತಾನಾಗಿಯೇ ತುಂಬಿಕೊಳ್ಳುವ ಬೇರೆ ಕೋವಿಗಳಿಗೆ ಪಕ್ಕದಲ್ಲೊಂದು ಚಿಕ್ಕ ಹಿಡಿ ಇರುತ್ತದೆ. ಅದನ್ನು ಹಿಂದಕ್ಕೆ ಎಳೆದರೆ ಗುಂಡಿನ ತೋಟಾ ಹಾಕುವ ಬಾಯಿ ತೆರೆಯುತ್ತದೆ. ಹಾಗೆ ಹಿಡಿ ಇಡುವ ಹಕ್ಕು ಬೇರೆಯವರ ಕೈಯಲ್ಲಿ ಇದ್ದುದರಿಂದ ಇದನ್ನು ಮಾಡಿದವರು ಹಿಡಿಯನ್ನೇ ಬಿಟ್ಟಿದ್ದರು. ಬದಲಿಗೆ ನಳಿಗೆಯ ಮೇಲೆ ಒಂದು ಗೇಣು ಉದ್ದ ತರಿತರಿ ಕೊರೆದಿದ್ದರು. ಅಲ್ಲಿ ಹಿಡಿದು ಇಡೀ ನಳಿಗೆಯನ್ನೇ ಹಿಂದಕ್ಕೆ ಒತ್ತಬೇಕು. ಒಳಗಿನ ಸ್ಪ್ರಿಂಗ್ ಬಿಗಿ. ಚಳಿಗೆ ಮರಗಟ್ಟಿದ ಕೈಗೆ ಅದು ಬಗ್ಗುವುದಿಲ್ಲ. ಹೀಗಾಗಿ ಎಲ್ಲರೂ ಒಂದೇ ಉಪಾಯ ಕಂಡುಕೊಂಡಿದ್ದರು: ಕೋವಿಯ ಬುಡವನ್ನು ನೆಲಕ್ಕೆ ಊರಿ, ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರ ಬಿಟ್ಟು ಕೆಳಕ್ಕೆ ಒತ್ತುವುದು. ಆನ್ಸೆಲ್ ಹಾಗೆ ಮಾಡುವುದನ್ನು ಥೋರಾ ಅಡುಗೆಮನೆಯಲ್ಲೇ ಎಷ್ಟೋ ಸಲ ನೋಡಿದ್ದಳು. ಒತ್ತುವಾಗ ನಳಿಗೆಯ ತುದಿ ಅವನ ಗದ್ದದ ಕೆಳಗೆ ಬರುತ್ತಿತ್ತು.

"ಖಾಲಿ ಇದ್ರೆ ಏನೂ ಆಗಲ್ಲ ಅತ್ತಿಗೆ. ತೋಟಾ ಸಿಕ್ಕಿಹಾಕ್ಕೊಂಡಾಗ್ಲೂ ಜನ ಹಾಗೇ ಒತ್ತುತಾರೆ, ಒಮ್ಮೊಮ್ಮೆ ಗುಂಡು ಹಾರಿಬಿಡುತ್ತೆ, ಅದೇ ಕಷ್ಟ. ಕಾಗದದ ತೋಟಾ ಅಲ್ವಾ, ತೇವ ಕುಡಿದ್ರೆ ಊದ್ಕೊಂಡು ಅರ್ಧಕ್ಕೇ ನಿಂತುಬಿಡುತ್ತೆ. ಅಣ್ಣನ ತೋಟಾ ಒಣಗಿದ್ವು ತಾನೇ?"

"ಒಣಗಿದ್ವು," ಎಂದಿದ್ದಳು ಥೋರಾ.

ದಡದುದ್ದಕ್ಕೂ ಓಡಿ ಇಬ್ಬರೂ ಹ್ರೂಬಿ ಮುದುಕನ ಗುಡಿಸಲಿಗೆ ಬಂದರು. ಬೊಹೀಮಿಯಾದಿಂದ ಬಂದು ಮೂವತ್ತು ವರ್ಷದಿಂದ ಇಲ್ಲೇ ಮೀನು ಹಿಡಿಯುತ್ತಿದ್ದ ಆತ ಹೊರಗೆ ಕೂತು ಮೀನಿನ ಹೊಟ್ಟೆ ಸೀಳುತ್ತಿದ್ದ.

"ತಾತ, ದೋಣಿ ಬೇಕು. ಆನ್ಸೆಲ್ ಹತ್ರ ಹೋಗ್ಬೇಕು."

"ಬಾತು ಹೊಡೆಯೋಕ್ ಹೋದ ಗಂಡನ್ನ ಅಟ್ಟಿಸ್ಕೊಂಡು ಹೋಗೋ ಹೆಂಡ್ತೀನ ಇವತ್ತೇ ನೋಡ್ತಿರೋದು ನಾನು," ಎಂದ ಮುದುಕ. "ಮದುವೆಯಾಗಿ ಐದು ತಿಂಗಳಾದ್ರೂ ಬಿಟ್ಟಿರೋಕ್ ಆಗಲ್ವೇನಮ್ಮ?"

ಈವಾರ್ ಕೋವಿಯ ವಿಷಯ ಹೇಳಿದ. ಮುದುಕ ಚಾಕು ಕೆಳಗಿಟ್ಟ.

"ಆ ಗಂಡನ್ನ ತಿನ್ನೋ ಕೋವೀನಾ? ಅದನ್ನ ಕೊಟ್ಟಿದ್ದು ಯಾವ ಬೇಕೂಫ?"

"ನಾನೇ."

"ದೋಣಿ ಹತ್ತು ಹಾಗಾದ್ರೆ. ನೀರು ಮೊಗೆಯೋ ಕೆಲಸ ನಿಂದು. ದೋಣಿ ಸೋರುತ್ತೆ."

ಮುದುಕ ಗಳ ಊರಿ ದೋಣಿ ತಳ್ಳಿದ. ಜೊಂಡು ಎರಡೂ ಕಡೆ ಆಳೆತ್ತರ ನಿಂತಿತ್ತು. ಅಂಚಿನಲ್ಲಿ ತೆಳುವಾದ ಮಂಜುಗಡ್ಡೆ ಚಿಟಿಚಿಟಿ ಮುರಿಯುತ್ತಿತ್ತು. ದೂರದಲ್ಲಿ ಒಂದು ಗುಂಡಿನ ಸದ್ದು ಕೇಳಿತು. ಹಿಂದೆಯೇ ಇನ್ನೊಂದು.

"ಚೆನ್ನಾಗಿದಾನೆ ನಿನ್ನ ಗಂಡ," ಎಂದ ಮುದುಕ.

ಮೂರನೆಯದೂ ಕೇಳಿತು. ಆಮೇಲೆ ಏನೂ ಇಲ್ಲ.

"ತುಂಬ್ಕೊಳ್ತಿರ್ಬೇಕು," ಎಂದ ಮುದುಕ.

"ಅದಕ್ಕೆ ಐದು ತೋಟಾ ಹಿಡಿಯುತ್ತೆ," ಎಂದ ಈವಾರ್. ನೀರು ಮೊಗೆಯುತ್ತಿದ್ದ ಡಬ್ಬಿ ಅವನ ಕೈಯಲ್ಲೇ ನಿಂತಿತು. "ಮೂರಕ್ಕೇ ಯಾಕೆ ನಿಲ್ಲಿಸ್ತಾನೆ?"

"ಬಾತು ಹಾರಿ ಹೋಗಿರ್ತವೆ."

"ಒಣಗಿದ್ವು ಅಂದ್ಯಲ್ಲ ಅತ್ತಿಗೆ."

ಥೋರಾ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. "ನಾನು ಒಣಗಿಸಿದ್ದು," ಎಂದಳು. "ತೋಟಾ ಡಬ್ಬೀನ ಜಗಲಿ ಮೇಲೆ ಮರೆತು ಬಿಟ್ಟಿದ್ದೆ. ರಾತ್ರಿಯೆಲ್ಲ ಸೂರು ಸೋರಿತ್ತು. ಬೈತಾನೆ ಅಂತ ಒಲೆ ಮೇಲಿನ ತಟ್ಟೇಲಿ ಹರವಿ ಒಣಗಿಸಿ ವಾಪಸ್ ತುಂಬಿಟ್ಟೆ. ನೋಡೋಕೆ ಚೆನ್ನಾಗೇ ಇದ್ವು."

ಒಲೆಯ ಮೇಲೆ ಒಣಗಿದ ಕಾಗದ ಮೊದಲಿನ ಅಳತೆಗೆ ಬರುವುದಿಲ್ಲ ಎನ್ನುವುದು ಈವಾರ್‌ಗೆ ಗೊತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳಿಗೆ ಅದನ್ನು ದಿನವೂ ಹೇಳುತ್ತಿದ್ದ. ಅಣ್ಣನ ಮನೆಯಲ್ಲಿ ಹೇಳಿರಲಿಲ್ಲ. ಅವನು ಡಬ್ಬಿ ಬಿಸಾಕಿ ದೋಣಿಯಲ್ಲಿ ಎದ್ದು ನಿಂತ. ದೋಣಿ ವಾಲಿತು.

"ಕೂತ್ಕೊಳ್ಳೋ, ಮೂರೂ ಜನ ಮುಳುಗ್ತೀವಿ!"

"ಅಣ್ಣಾ! ಒತ್ಬೇಡ! ಕೋವಿ ಕೆಳಗಿಡು!"

ಥೋರಾಳೂ ಕೂಗಿದಳು. ಗಂಡನ ಹೆಸರೊಂದನ್ನೇ, ಗಂಟಲು ಒಡೆಯುವ ಹಾಗೆ. ಗಾಳಿ ಒಂದು ಗಳಿಗೆ ನಿಂತಿತು.

ಆಗ ಒಂದೇ ಒಂದು ಗುಂಡಿನ ಸದ್ದು ಬಂತು. ಜೊಂಡಿನಿಂದ ಕರಿಹಕ್ಕಿಗಳ ಹಿಂಡು ಎದ್ದು, ತಿರುಗಿ, ಮತ್ತೆ ಅಲ್ಲೇ ಕೂತಿತು. ಥೋರಾ ಇನ್ನೊಂದು ಸದ್ದಿಗಾಗಿ ಕಾದಳು. ಇನ್ನೊಂದು ಕೇಳಿದರೆ ಅವನು ಬಾತು ಹೊಡೆಯುತ್ತಿದ್ದಾನೆ ಎಂದೇ ಅರ್ಥ. ಅಲ್ಲಿಗೆ ಮುಟ್ಟುವವರೆಗೂ ಕೇಳಲಿಲ್ಲ.

ಆನ್ಸೆಲ್ ದೋಣಿಯ ತಳದಲ್ಲಿ ಕೂತಿದ್ದ. ಎಡಗೈಯನ್ನು ಬಲಗಂಕುಳಿನಲ್ಲಿ ಅಮುಕಿಕೊಂಡಿದ್ದ. ಕೋಟಿನ ಪಕ್ಕವೆಲ್ಲ ಕಪ್ಪಾಗಿ ಒದ್ದೆಯಾಗಿತ್ತು. ಕುತ್ತಿಗೆಯ ಮೇಲೆ ರಕ್ತ ಇಳಿಯುತ್ತಿತ್ತು. ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

"ನೀನು ಕೂಗಿದ್ದು ಕೇಳಿಸ್ತು," ಎಂದ ಹೆಂಡತಿಗೆ. "ಒತ್ತುತ್ತಾ ಇದ್ದೋನು ಯಾರು ಅಂತ ತಿರುಗಿ ನೋಡ್ದೆ."

ಥೋರಾ ಅವನ ದೋಣಿಗೆ ದಾಟಿ, ಏಪ್ರನ್ ಹರಿದು ಕೈಗೆ ಸುತ್ತಿದಳು. ಸುತ್ತುವಾಗ ಕೈ ಎಲ್ಲಿಗೆ ಮುಗಿಯುತ್ತದೆ ಎಂದು ನೋಡಲಿಲ್ಲ. ಈವಾರ್ ಕೋವಿಯನ್ನು ಎತ್ತಿದ, ಒಂದು ಕ್ಷಣ ಹಿಡಿದುಕೊಂಡಿದ್ದು ನೀರಿಗೆ ಬಿಟ್ಟ. ಮುದುಕ ಎರಡೂ ದೋಣಿಗಳನ್ನು ಹಗ್ಗದಿಂದ ಕಟ್ಟಿದ.

"ಬಾತು ಎತ್ಕೊಳ್ಳಿ," ಎಂದ ಆನ್ಸೆಲ್. "ಅಲ್ಲಿ ತೇಲ್ತಿದಾವೆ."

"ಬಾಯಿ ಮುಚ್ಕೊಂಡು ಮಲಕ್ಕೋ," ಎಂದ ಮುದುಕ.

ಅರ್ಧ ದಾರಿಯಲ್ಲಿ ಆನ್ಸೆಲ್ ಮತ್ತೆ ಕಣ್ಣು ತೆರೆದ. "ನಾಲ್ಕನೇದು ಒಳಗೇ ಹೋಗ್ಲಿಲ್ಲ. ಹೊಸ ಡಬ್ಬಿ ತೋಟಾ ಕಣೋ ಈವಾರ್. ಯಾಕಂತ ಗೊತ್ತಾಗ್ಲಿಲ್ಲ."

"ಕೋವೀದೇ ತಪ್ಪು ಅಣ್ಣ," ಎಂದು ಈವಾರ್ ಪಕ್ಕದ ದೋಣಿಯಿಂದ ಬೇಗ ಹೇಳಿದ. ಅತ್ತಿಗೆಯ ಕಡೆ ನೋಡಿ ತಲೆ ಅಲ್ಲಾಡಿಸಿದ.

"ತೋಟಾ ನೆಂದಿತ್ತು," ಎಂದಳು ಥೋರಾ. "ಒಲೆ ಮೇಲಿಟ್ಟು ಒಣಗಿಸಿದ್ದೆ. ನಿಂಗೆ ಹೇಳ್ಲಿಲ್ಲ."

ಆನ್ಸೆಲ್ ಅವಳನ್ನು ನೋಡಿದ. ಆಮೇಲೆ ಜೊಂಡಿನ ಕಡೆ ಮುಖ ತಿರುಗಿಸಿಕೊಂಡ. ದಡ ಮುಟ್ಟುವವರೆಗೂ, ಲಾರಿ ಹತ್ತುವವರೆಗೂ, ಡಾಕ್ಟರ ಬಾಗಿಲಿನವರೆಗೂ ಅವಳು ಸುತ್ತಿ ಹಿಡಿದಿದ್ದ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

ಹೋದದ್ದು ಎಡಗೈಯ ಮೂರು ಬೆರಳು, ಎಡಗಿವಿಯ ಅರ್ಧ, ಒಂದು ಕೋವಿ. ನೀರಿನ ಮೇಲೆ ಬಿಟ್ಟು ಬಂದ ಏಳು ಬಾತು.