ಧೂಳು ಸಿಗದ ಮನೆ

ಮನೆಯಲ್ಲಿ ಧೂಳಿಲ್ಲವೆಂದು ಸಿಟ್ಟಾಗುವ ಹೆಂಗಸು ಇಡೀ ಹೈದರಾಬಾದಿನಲ್ಲಿ ಒಬ್ಬಳೇ ಇದ್ದಳು, ಸಂಪದಾ. ಇದು ನಡೆದದ್ದು, ಒಗ್ಗರಣೆ ಕಡಿಮೆಯೇ ಬಿದ್ದಿದೆ.

ಮಕ್ಕಳ ಉಬ್ಬಸಕ್ಕೆ ಮನೆಯೊಳಗಿನ ಧೂಳು ಎಷ್ಟು ಕಾರಣ ಎಂಬ ಸಂಶೋಧನೆ ಅವಳದು. ಮಗು ಮಲಗುವ ಹಾಸಿಗೆಯ ಮೇಲೆ ಪುಟ್ಟ ಯಂತ್ರದ ಮೂತಿ ಆಡಿಸಿ, ಅದರ ಜಾಳಿಗೆಯಲ್ಲಿ ಕೂತ ಧೂಳನ್ನು ಲ್ಯಾಬಿಗೆ ಒಯ್ಯಬೇಕು. ಹೋಗುವ ಮುಂಚೆ ಫೋನ್ ಮಾಡಬೇಕೆಂಬುದು ನಿಯಮ. ಎಡವಟ್ಟು ಅಲ್ಲೇ. ಫೋನ್ ಇಟ್ಟ ಕೂಡಲೇ ಮನೆಯಲ್ಲಿ ಪೊರಕೆ ಏಳುತ್ತಿತ್ತು. ಮಂದಿ ಬರುತ್ತಾರೆಂದರೆ ಕಸ ಗುಡಿಸಬೇಡವೇ?

ನಾರಾಯಣಗೂಡದ ಯಮುನಾಬಾಯಿಯಂತೂ ಹಿಂದಿನ ಎರಡು ಸಲವೂ ನೆಲ ಒರೆಸಿ, ಊದುಬತ್ತಿ ಹಚ್ಚಿ, ನಾಂಪಲ್ಲಿ ಎಕ್ಸಿಬಿಷನ್‌ನಲ್ಲಿ ಕೊಂಡ ಹೊಸ ಚಾದರ ಹಾಸಿ, ಮೊಮ್ಮಗಳು ಪಿಂಕಿಗೆ ಜಡೆ ಹಾಕಿ ಕೂರಿಸಿದ್ದರು. ಜಾಳಿಗೆ ಬೆಳ್ಳಗೇ ಉಳಿಯಿತು. ಪಿಂಕಿಯ ಎದೆ ಮಾತ್ರ ಸಿಳ್ಳೆ ಹೊಡೆಯುತ್ತಿತ್ತು. ಈ ಸಲವೂ ಧೂಳು ಸಿಗದಿದ್ದರೆ ಅವಳನ್ನು ಸಂಶೋಧನೆಯಿಂದ ಕೈಬಿಡಬೇಕು. ಆ ಸಿಳ್ಳೆ ಏಕೆಂದು ಹುಡುಕುವವರೇ ಇರುವುದಿಲ್ಲ.

"ಸ್ವಚ್ಛ ಮಾಡಬ್ಯಾಡ್ರಿ ಅಂತ ಕೈ ಮುಗದ ಹೇಳೀನಿ. ಹೂಂ ಅಂತಾರ, ಮತ್ತ ಫಿನೈಲ್ ಸುರೀತಾರ. ಇವರ ಸಫಾಯಿ ಸಲುವಾಗಿ ನಾ ಪರೇಶಾನ್ ಆಗೀನಿ," ಆಟೋದಲ್ಲಿ ಸಂಪದಾ ಹಲ್ಲು ಕಡಿದಳು.

"ಈ ಸಲ ಮಾಡಿರಂಗಿಲ್ಲ ಬಿಡ್ರಿ," ಎಂದ ಸಹೋದ್ಯೋಗಿ ನಚಿಕೇತ, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು. ಅವನ ಮುಖದ ಸಾಧುತನ ಕಂಡು ಅವಳಿಗೆ ಅನುಮಾನ ಬಂತು.

"ಏನ್ ಮಾಡೀಯಪಾ?"

ನಚಿಕೇತ ಮೂಗು ಹಿಡಿದು, ತಮ್ಮ ಹಿರಿಯ ಡಾಕ್ಟರ್ ಅಮರೇಶಪ್ಪನವರ ಎಳೆದಾಡುವ ದನಿ ತೆಗೆದು, ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದನ್ನು ಮತ್ತೆ ಹೇಳಿ ತೋರಿಸಿದ: "ಅವ್ವಾರ... ಇವತ್ತ ಯಾರೂ... ಬರಂಗಿಲ್ಲರಿ."

ಸಂಪದಾ ಹಣೆ ಚಚ್ಚಿಕೊಂಡಳು. "ಅವರಿಗೆ ಗೊತ್ತಾದ್ರ ನಿನ್ನ ಜೋಡಿ ನನ್ನೂ ಹೊರಗ ಹಾಕ್ತಾರ." ಆದರೆ ಆಟೋ ತಿರುಗಿಸು ಎನ್ನಲಿಲ್ಲ.

ಬಾಗಿಲು ತೆರೆದ ಯಮುನಾಬಾಯಿಯ ಕೈ ಹಿಟ್ಟಾಗಿತ್ತು. "ಅಯ್ಯ ರಾಮಾ, ಬರಂಗಿಲ್ಲ ಅಂದಿದ್ರಲ್ಲ," ಎಂದು ಒಳಗೆ ಓಡಿದರು. ಸಂಪದಾ ಹಿಂದೆಯೇ ಓಡಿದಳು.

ಮಂಚದ ಮೇಲೆ, ಹಿಂದೆಂದೂ ಕಣ್ಣಿಗೆ ಬೀಳದ ಕೌದಿಯೊಂದು ಹರಡಿತ್ತು. ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದದ್ದು. ಯಮುನಾಬಾಯಿ ಅದನ್ನು ಕಪಾಟಿಗೆ ತುರುಕಲು ಹೊರಟಾಗ ಸಂಪದಾ ಇನ್ನೊಂದು ತುದಿ ಹಿಡಿದಳು.

"ಬಿಡ ವಾ, ಮಂದಿ ನೋಡೂವಂಥಾದ್ದಲ್ಲ ಅದು."

"ಪಿಂಕಿ ದಿನಾ ಇದನ್ನ ಹೊದಿತಾಳೇನ್ರಿ?"

"ಇದಿಲ್ಲದ ನಿದ್ದಿನ ಬರಂಗಿಲ್ಲ ಆಕಿಗೆ. ನಮ್ಮತ್ತಿ ಹೊಲದದ್ದು. ಒಗದ್ರ ಹರದ ಹೋಗ್ತದಂತ ನೀರಿಗೇ ಹಾಕಿಲ್ಲ."

ಎಳೆದಾಟದಲ್ಲಿ ಕೌದಿ ಒಮ್ಮೆ ಝಾಡಿಸಿದಂತಾಯಿತು. ಕಿಟಕಿಯ ಬಿಸಿಲಿನಲ್ಲಿ ಬೂದು ಮೋಡವೆದ್ದಿತು. ಮಂಚದ ಬಳಿ ನಿಂತಿದ್ದ ಪಿಂಕಿ ಕೆಮ್ಮತೊಡಗಿದಳು. ಯಮುನಾಬಾಯಿ ಕೌದಿ ಬಿಟ್ಟರು. ಮೊಮ್ಮಗಳನ್ನು ಹೊರಕೋಣೆಗೆ ಎತ್ತಿ ಒಯ್ದು ಇನ್‌ಹೇಲರ್ ಹಿಡಿದರು. ಅವಳ ಉಸಿರು ಹದಕ್ಕೆ ಬಂದ ಮೇಲೆ ಬಾಗಿಲಲ್ಲಿ ನಿಂತು, "ಎಳಕೋ ವಾ, ಎಷ್ಟ ಬೇಕೋ ಅಷ್ಟ ಎಳಕೋ," ಎಂದರು.

ಜಾಳಿಗೆ ಕಣ್ಣೆದುರೇ ಬೂದಿಬಣ್ಣಕ್ಕೆ ತಿರುಗಿತು.

"ಇದ ಕಾರಣ ಹೌದೋ ಅಲ್ಲೋ, ಲ್ಯಾಬಿನವರ ಹೇಳಬೇಕು. ಅಲ್ಲೀತನಕ ಕೌದಿ ಆಕಿಯಿಂದ ದೂರ ಇರಲಿರಿ," ಎಂದಳು ಸಂಪದಾ.

"ಇರ್ತದ. ಆದ್ರ ಡಾಕ್ಟರು ಹಂಗ್ಯಾಕ ಫೋನ್ ಮಾಡಿದ್ರು?"

ನಚಿಕೇತ ತಲೆ ತಗ್ಗಿಸಿದ.

"ಹೇಳಪಾ," ಎಂದಳು ಸಂಪದಾ.

ಅವನು ಮೂಗು ಹಿಡಿದು ಡಾಕ್ಟರನ್ನು ನುಡಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು, ಹುರುಪಿನಲ್ಲಿ ಯಮುನಾಬಾಯಿ ಕೊಟ್ಟ ಉತ್ತರವನ್ನೂ, ಅವರದೇ ದನಿಯಲ್ಲಿ, ಒಪ್ಪಿಸಿದ: "ಭಾಳ ಛಲೋ ಆತ್ರಿ ಡಾಕ್ಟರ. ಆ ಹುಡುಗಿ ಬಂದ್ರ ಮಂಚದ ಬುಡಕ ಪೊಲೀಸರಂಗ ಹುಡುಕ್ತಾಳ. ಗುಡಿಸಿ ಒರಸಿ ನನ್ನ ಸ್ವಂಟ ಹೋತು. ಆಕಿದೊಂದ ಮದುವಿ ಮಾಡಿಬಿಡ್ರಿ."

ಸಂಪದಾಳ ಮುಖ ಕೆಂಪಾಯಿತು. ಪಿಂಕಿ ಕಿಸಕ್ಕೆಂದಳು. ಯಮುನಾಬಾಯಿ ಸೆರಗನ್ನು ಬಾಯಿಗೊತ್ತಿ ತಡೆಯಲು ನೋಡಿದರು, ಆಗಲಿಲ್ಲ. "ಹಂಗ ಅಂದಿದ್ದೆ, ಖರೇನ ಹಂಗ ಅಂದಿದ್ದೆ," ಎನ್ನುತ್ತ ಗೋಡೆಗೊರಗಿ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಂತೆ, ಎಲ್ಲರಿಗಿಂತ ಜೋರಾಗಿ ನಕ್ಕರು.