ತವರಿನ ಹಸುವಿನ ಹೊಟ್ಟೆಕಿಚ್ಚು

ನಾನು ಒಂದು ನಾಟಿ ಹಸು. ಮದ್ದೂರಿನ ಕಡೆಯ ಒಂದು ಹಳ್ಳಿಯಲ್ಲಿ, ಹುಲ್ಲಿನ ಮೆದೆಯ ಪಕ್ಕ ಹುಟ್ಟಿದೆ. ತಾಯಿಗೆ ನೆಕ್ಕಲೂ ಬಿಡದೆ ಗೋಣಿಚೀಲದಿಂದ ನನ್ನ ಮೈ ಒರೆಸಿದವಳು ಆ ಮನೆಯ ಮಗಳು ದ್ಯಾವಮ್ಮ. ಅಂದಿನಿಂದ ಅವಳು ನನ್ನವಳು. ಮದುವೆಯಾದಾಗ ನನ್ನನ್ನೂ ಬಳುವಳಿಯಾಗಿ ಅವಳ ಜೊತೆಗೆ ಕಳಿಸಿದರು. ಗಂಡ ಮಾರಯ್ಯ ಅವಳಿಗೆ ಹೊಸಬ, ನಾನು ಹಳಬಳು. ಅದನ್ನು ಅವನಿಗೆ ಮೊದಲ ವಾರವೇ ಒದ್ದು ತಿಳಿಸಿದೆ. ನನ್ನ ಹಾಲು ಅವಳ ಕೈಗೆ ಮಾತ್ರ.

ಕೆಲವು ವರ್ಷ ಸುಖವಾಗಿದ್ದೆ. ಆಮೇಲೆ ಡೈರಿಗೆ ಹಾಲು ಹಾಕುವ ಆಸೆಗೆ ಮಾರಯ್ಯ ಒಂದು ಸೀಮೆಹಸು ತಂದ. ಬಿಂದಿಗೆಯಂಥ ಕೆಚ್ಚಲು. ಅದಕ್ಕೆ ಫ್ಯಾನು, ರಬ್ಬರ್ ಮ್ಯಾಟು, ದಿನಾ ಸ್ನಾನ. ನನಗೆ ಬಾಗಿಲ ಪಕ್ಕದ ಗೂಟ. ಅದೆಲ್ಲ ಹಾಳಾಗಲಿ. ದ್ಯಾವಮ್ಮ ಅದರ ಕೊರಳಡಿಯ ಗಂಗೆದೊಗಲು ತುರಿಸುತ್ತ "ನಮ್ಮವ್ವ, ನನ್ ತಾಯಿ" ಎನ್ನುತ್ತಿದ್ದಳು. ಅದು ನನಗೆ ಹೇಳುತ್ತಿದ್ದ ಮಾತು!

ಒಮ್ಮೆ ತಂಗಿಯ ಬಾಣಂತನಕ್ಕೆ ಅವಳು ತವರಿಗೆ ಹೋದಳು. ನನ್ನ ಹಾಲು ಕರೆಯಲು ಮಾರಯ್ಯ ಅವಳ ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು ಬಂದ. ನಮ್ಮ ಕಡೆ ಇದು ಹೊಸದಲ್ಲ. ಸೀರೆಯ ವಾಸನೆಗೆ ಹಸು ಮೋಸಹೋಗುತ್ತದೆ.

"ಏನತ್ತಿಗೆ, ಮೀಸೆ ಯಾವಾಗ ಬಂತು?" ಎಂದು ಪಕ್ಕದ ಮನೆಯ ಜವರ ಬೇಲಿಯಾಚೆಯಿಂದ ಕಿಚಾಯಿಸಿದ.

"ಮುಚ್ಚಲಾ ಬಾಯ! ಈ ಮುಂಡೇದು ಸೀರೆ ಕಂಡ್ರೇನೇ ಹಾಲು ಕೊಡೋದು."

ನಾನೂ ಮೋಸಹೋಗಲು ತಯಾರಿದ್ದೆ. ಆದರೆ ಆ ದಡ್ಡ ಉಟ್ಟಿದ್ದು ಸೀಮೆಹಸು ತೊಳೆಯುವಾಗ ಅವಳು ಉಡುವ ಸೀರೆ. ಸೆರಗಿನ ತುಂಬ ಅದರದೇ ವಾಸನೆ. ಝಾಡಿಸಿ ಒದ್ದೆ. ಚೊಂಬು ತಿಪ್ಪೆಗೆ ಹೋಯಿತು, ಮಾರಯ್ಯ ಗಂಜಲಕ್ಕೆ ಬಿದ್ದ.

"ಇದನ್ನ ಸಂತೆಗೆ ಹೊಡೀತೀನಿ!" ಎಂದು ಕುಣಿದ.

ತವರಿನಿಂದ ಬಂದ ದ್ಯಾವಮ್ಮ ಸೆಟೆದು ನಿಂತಳು. "ನಮ್ಮಪ್ಪ ಕೊಟ್ಟಿದ್ದು ಕಣಯ್ಯ. ಇದನ್ನ ಸಂತೆಗೆ ಹೊಡೆದ್ರೆ ನಾನೂ ಇದರ ಹಿಂದೇನೇ ಹೋಯ್ತೀನಿ."

ಅವತ್ತಿನ ಒಣಹುಲ್ಲು ಎಷ್ಟು ರುಚಿಯಾಗಿತ್ತು!

ಮುಂದೆ ಸೀಮೆಹಸು ಗಬ್ಬ ಕಟ್ಟಲಿಲ್ಲ. ಡಾಕ್ಟರು ಬಂದು ಬಂದು ಸೂಜಿ ಹಾಕಿದ್ದೇ ಬಂತು. ಹಾಲು ಬತ್ತಿತು. ಮಾರಯ್ಯ ಅದನ್ನು ಮಾರಿ ಟೆಂಪೋ ಹತ್ತಿಸಿದ. ಗೆದ್ದೆ ಎಂದು ನಾನು ಬಾಲ ಎತ್ತಿದೆ.

ದ್ಯಾವಮ್ಮ ಅದರ ಖಾಲಿ ಗೊಂತಿನ ಮುಂದೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಕೂಗಿದೆ. ತಿರುಗಲಿಲ್ಲ. ಮತ್ತೆ ಕೂಗಿದೆ.

"ಸುಮ್ಕಿರೇ!" ಎಂದು ಗದರಿದಳು.

ಈಗ ನನ್ನ ಹಲ್ಲು ಸವೆದಿವೆ, ಹಾಲಿಲ್ಲ. ಆದರೂ ಅವಳೇ ಗಂಜಿ ಕುಡಿಸುತ್ತಾಳೆ. ಕೊಟ್ಟಿಗೆಯೆಲ್ಲ ನನ್ನದೇ. ಆದರೆ ನನ್ನ ಮೈ ಉಜ್ಜುವಾಗ ಅವಳ ಕಣ್ಣು ಒಮ್ಮೊಮ್ಮೆ ಆ ಖಾಲಿ ಜಾಗಕ್ಕೆ ಹೋಗುತ್ತದೆ. ಆ ಸೀಮೆಹಸು ಎದುರಿಗಿದ್ದರೆ ಒದೆಯಬಹುದಿತ್ತು. ಇಲ್ಲದವಳನ್ನು ಹೇಗೆ ಒದೆಯಲಿ? ನಾನು ಸತ್ತ ದಿನ ಅವಳು ಅದಕ್ಕೆ ಅತ್ತಿದ್ದಕ್ಕಿಂತ ಜಾಸ್ತಿ ಅಳಬೇಕು. ಅಳುತ್ತಾಳೋ ಇಲ್ಲವೋ, ನೋಡಲು ನಾನೇ ಇರುವುದಿಲ್ಲವಲ್ಲ!