ತುರ್ತಾಗಿದ್ದರೆ ಒಂದು

"ಒಂದು ಒತ್ತಿದವರನ್ನೂ ತಿರುಗಿಸಿ ಮೊದಲಿಗೇ ತಂದುಬಿಟ್ರಾ? ಭಲೇ ಆಸಾಮಿ ರೀ ನೀವು!" ಎಂದು ಮೇಲಧಿಕಾರಿ ಬೆನ್ನು ತಟ್ಟಿದಾಗ ಅವನಿಗೆ ಹಿಗ್ಗೂ ಆಯಿತು, ಹೇಸಿಗೆಯೂ ಆಯಿತು.

ಕಂಪನಿಗಳಿಗೆ ಬರುವ ಮೆಸೇಜುಗಳಿಗೆ ಯಂತ್ರವೇ ಉತ್ತರಿಸುವಂತೆ ದಾರಿ ಹಾಕಿಕೊಡುವುದು ಅವನ ಕೆಲಸ. 'ತುರ್ತಾಗಿದ್ದರೆ 1 ಕಳಿಸಿ' ಎನ್ನುತ್ತದೆ ಯಂತ್ರ. 1 ಕಳಿಸಿದವರು ಒಬ್ಬ ಮನುಷ್ಯನನ್ನು ತಲುಪಬೇಕು. ಅವನು ಆ ದಾರಿಯನ್ನು ತಿರುಗಿಸಿ ಮತ್ತೆ ಮೊದಲ ಸಾಲಿಗೇ ಸೇರಿಸಿದ್ದ. ಜನ ಸುತ್ತಿ ಸುತ್ತಿ, ಸಾಕಾಗಿ, ಸುಮ್ಮನಾಗುತ್ತಿದ್ದರು. ದೂರುಗಳೇ ಇಲ್ಲವೆಂದು ಆಫೀಸು ಬೀಗುತ್ತಿತ್ತು.

ಇದನ್ನು ಅವನು ಮೊದಲು ಪ್ರಯೋಗಿಸಿದ್ದು ಸ್ವಂತ ಫೋನಿನಲ್ಲಿ. ಅಂದರೆ ಅಕ್ಕನ ಮೇಲೆ. ಅಪ್ಪನನ್ನು ನೋಡಿಕೊಳ್ಳುವವಳು ಅವಳು. ಫೋನ್ ಮಾಡಬೇಡ, ಮೆಸೇಜ್ ಹಾಕು ಎಂದು ಕಟ್ಟಪ್ಪಣೆ ಮಾಡಿದ್ದ. ಅವಳು 1 ಕಳಿಸಿದರೆ ಮಾತ್ರ ಅವನ ಫೋನು ಸದ್ದು ಮಾಡುತ್ತಿತ್ತು. ಪಾಪ, ಅವಳಿಗೆ ನಲ್ಲಿ ಕೆಟ್ಟರೂ 1, ಅಪ್ಪ ಊಟ ಬಿಟ್ಟರೂ 1. ತಲೆ ಚಿಟ್ಟು ಹಿಡಿದು ಒಂದು ದಿನ ಆ 1ರ ದಾರಿಯನ್ನೂ ಮೊದಲಿಗೇ ತಿರುಗಿಸಿಬಿಟ್ಟ. ಎಂಥ ನೆಮ್ಮದಿ! ಮಾಡಿದ್ದನ್ನೇ ಮರೆತುಬಿಟ್ಟ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ ಕೇಳಿದಳು:

"ನಿಮ್ಮ ತಂದೆ ಆಸ್ಪತ್ರೆಯಿಂದ ಬಂದ್ರಾ?"

"ಬಂದಿರಬೇಕು."

"ಬಂದಿರಬೇಕು ಅಂದ್ರೆ?"

"ಅಕ್ಕ ಇದಾಳಲ್ಲ."

ಆಡಿದ ಮಾತು ಅವನಿಗೇ ಚುಚ್ಚಿತು. ಫೋನು ತೆಗೆದ.

'ಅಪ್ಪನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗ್ತಾರಂತೆ. ಒಂದ್ಸಲ ನಿನ್ನ ದನಿ ಕೇಳ್ಬೇಕಂತೆ.' ಅದರ ಕೆಳಗೆ ಅವನದೇ ಸೌಜನ್ಯ: 'ನಿಮ್ಮ ಸಂದೇಶ ನನಗೆ ಮುಖ್ಯ. ತುರ್ತಾಗಿದ್ದರೆ 1 ಕಳಿಸಿ.'

'1.'

'ನಿಮ್ಮ ಸಂದೇಶ ನನಗೆ ಮುಖ್ಯ...'

'1. ಕಾಯ್ತಿದಾರೆ ಕಣೋ.'

'ನಿಮ್ಮ ಸಂದೇಶ ನನಗೆ ಮುಖ್ಯ...'

'ಅಪ್ಪ ಹೋಗ್ಬಿಟ್ರು.' ಅದಕ್ಕೂ ಯಂತ್ರ ತಪ್ಪದೆ ಉತ್ತರ ಕೊಟ್ಟಿತ್ತು.

ಅಯ್ಯೋ! ಫೋನ್ ಮಾಡಿದ. ಅವಳು ಎತ್ತಲಿಲ್ಲ. ತುತ್ತನ್ನು ತಟ್ಟೆಗೆ ಉಗಿದು ಬರೆದ: 'ಅಕ್ಕಾ, ನಾನು ಕಣೇ. ಈಗಲೇ ಹೊರಟೆ.'

ತುಸು ಹೊತ್ತಿಗೆ ಉತ್ತರ ಬಂತು.

'1.'

'ಇದು ಯಂತ್ರ ಅಲ್ಲ ಅಕ್ಕಾ. ನಾನೇ. ನಿನ್ನ ತಮ್ಮ.'

'1.'

ಅವನು ಇನ್ನೊಂದಕ್ಷರ ಒತ್ತುವಷ್ಟರಲ್ಲಿ, ಅವನ ಅಂಗೈಯಲ್ಲೇ ಕೂತು, ಫೋನು ತಾನಾಗಿ ಅವಳಿಗೆ ಬರೆಯಿತು: 'ನಿಮ್ಮ ಸಂದೇಶ ನನಗೆ ಮುಖ್ಯ.'